ಬಿಸಿ ಅನಿಲಕ್ಕೆ ಸರಾಸರಿ ತಾಪಮಾನ ಯಾಕೆ ಸಾಲದು

ಬಾಯ್ಲರ್ ಅಥವಾ ಫರ್ನೇಸ್ ಒಳಗಿನ ವಿಕಿರಣದ ಲೆಕ್ಕಕ್ಕೆ ಕೂತ ತಕ್ಷಣ ಬರುವ ಆಸೆ ಒಂದೇ. ಒಳಗಿನ ಅನಿಲಕ್ಕೆಲ್ಲ ಒಂದು ಸರಾಸರಿ ತಾಪಮಾನ ಹಿಡಿದರೆ ಸಾಕಲ್ವಾ? ಸಾಲದು. ಎಷ್ಟು ತಪ್ಪಾಗುತ್ತದೆ ಅಂತ ಕಾಗದದ ಮೇಲೇ ನೋಡಬಹುದು.

ಅನಿಲದ ಎರಡು ಪದರ ತಗೊಳ್ಳಿ. ಒಂದು 1800 ಕೆಲ್ವಿನ್, ಇನ್ನೊಂದು 600. ಎರಡೂ ತಮ್ಮೊಳಗೆ ಹಾಯುವ ವಿಕಿರಣದಲ್ಲಿ ಅರ್ಧ ಹೀರುತ್ತವೆ, ಎಲ್ಲ ತರಂಗಾಂತರದಲ್ಲೂ ಒಂದೇ ಸಮ ಅಂತ ಇಟ್ಟುಕೊಳ್ಳೋಣ. ಹೊರಸೂಸುವುದು ತಾಪಮಾನದ ನಾಲ್ಕನೇ ಘಾತದಂತೆ ಏರುತ್ತದೆ, ಹಾಗಾಗಿ ಬಿಸಿ ಪದರ ಸೂಸುವುದು 81 ಪಟ್ಟು ಜಾಸ್ತಿ. ಬಿಸಿ ಪದರ ಗೋಡೆಯ ಕಡೆಗಿದ್ದರೆ ಗೋಡೆಗೆ ಬೀಳುವ ವಿಕಿರಣ, ತಣ್ಣನೆಯದು ಗೋಡೆಯ ಕಡೆಗಿದ್ದಾಗ ಬೀಳುವುದರ ಹತ್ತಿರ ಹತ್ತಿರ ಎರಡರಷ್ಟು. ಅನಿಲ ಅದೇ, ಸರಾಸರಿ ಅದೇ 1200, ಬದಲಾಗಿದ್ದು ಬರೀ ಕ್ರಮ. ಇನ್ನು 1200 ಅಂತಲೇ ಹಾಕಿ ಲೆಕ್ಕ ಮಾಡಿದರೆ ಬರುವ ಉತ್ತರ ಈ ಎರಡಕ್ಕಿಂತಲೂ ಕಡಿಮೆ! ನಿಜವಾದ ಬಾಯ್ಲರ್‌ನಲ್ಲಿ ನೀರಿನ ಟ್ಯೂಬ್‌ಗಳ ಪಕ್ಕ ಇರುವುದು ತಣ್ಣನೆಯ ಪದರವೇ, ಆದ್ದರಿಂದ ಇದು ಸುಮ್ನೆ ಪುಸ್ತಕದ ಸಮಸ್ಯೆ ಅಲ್ಲ.

ಇಷ್ಟು ಸುಲಭದ ಭಾಗ. ನಿಜವಾದ ಅನಿಲ ಎಲ್ಲ ತರಂಗಾಂತರದಲ್ಲೂ ಒಂದೇ ಸಮ ಹೀರುವುದಿಲ್ಲ. ನೈಟ್ರೋಜನ್, ಆಕ್ಸಿಜನ್ ಅತಿಗೆಂಪಿನಲ್ಲಿ ಹೆಚ್ಚುಕಡಿಮೆ ಪಾರದರ್ಶಕ. ಕೆಲಸ ಮಾಡುವುದು ನೀರಿನ ಆವಿ ಮತ್ತು ಕಾರ್ಬನ್ ಡೈಆಕ್ಸೈಡ್, ಅದೂ ಸಣ್ಣ ಸಣ್ಣ ರೋಹಿತ ರೇಖೆಗಳಲ್ಲಿ, ಅಂದರೆ ಅಣು ಹೀರುವ ಮತ್ತು ಸೂಸುವ ತೀರಾ ಕಿರಿದಾದ ತರಂಗಾಂತರಗಳಲ್ಲಿ. ಬಿಸಿ ಅನಿಲಗಳ ರೇಖೆಗಳನ್ನು ಪಟ್ಟಿ ಮಾಡಿರುವ ಹೈಟೆಂಪ್ (HITEMP) ದತ್ತಾಂಶದಲ್ಲಿ ನೀರಿನ ಆವಿಗೇ ಹತ್ತು ಕೋಟಿಗೂ ಹೆಚ್ಚು ರೇಖೆಗಳಿವೆ.

ಈ ರೇಖೆಗಳ ಬಲ ತಾಪಮಾನದ ಜೊತೆ ಬದಲಾಗುತ್ತದೆ, ಅಲ್ಲೇ ಇರುವುದು ತೊಡಕು. ಕಾರ್ಬನ್ ಡೈಆಕ್ಸೈಡ್ ಅಣು ಬಾಗುವ ಕಂಪನದ ಮೊದಲ ಮಟ್ಟವನ್ನೇ ನೋಡಿ. 300 ಕೆಲ್ವಿನ್‌ನಲ್ಲಿ ಆ ಮಟ್ಟದಲ್ಲಿರುವ ಅಣುಗಳು ತಳಮಟ್ಟದಲ್ಲಿರುವವುಗಳ ಶೇಕಡಾ 8ರಷ್ಟು ಮಾತ್ರ, 1500ರಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ. ಮೇಲಿನ ಮಟ್ಟಗಳಿಂದ ಹುಟ್ಟುವ ರೇಖೆಗಳು ಬಿಸಿ ಅನಿಲದಲ್ಲಿ ಎದ್ದು ಕಾಣುತ್ತವೆ, ತಣ್ಣನೆಯ ಅನಿಲಕ್ಕೆ ಅವು ಬಹುತೇಕ ಇಲ್ಲವೇ ಇಲ್ಲ. ಅಂದರೆ ತಣ್ಣನೆಯ ಪದರ ಅವನ್ನು ಹಾಗೇ ಬಿಟ್ಟುಬಿಡುತ್ತದೆ, ಆದರೆ ತನ್ನದೇ ರೇಖೆಗಳಿರುವ ಕಡೆ ಗಟ್ಟಿಯಾಗಿ ತಡೆಯುತ್ತದೆ.

ರಾಕೆಟ್ ಜ್ವಾಲೆಯನ್ನು ದೂರದಿಂದ ನೋಡಿದಾಗ ಇದು ಚೆನ್ನಾಗಿ ಕಾಣುತ್ತದೆ. 4.3 ಮೈಕ್ರಾನ್ ಸುತ್ತ ಜ್ವಾಲೆಯ ಕಾರ್ಬನ್ ಡೈಆಕ್ಸೈಡ್ ಜೋರಾಗಿ ಬೆಳಗುತ್ತದೆ, ನಡುವಿನ ಭಾಗವನ್ನು ವಾತಾವರಣದ ಕಾರ್ಬನ್ ಡೈಆಕ್ಸೈಡ್ ನುಂಗುತ್ತದೆ, ಉಳಿಯುವುದು ಎರಡು ಅಂಚುಗಳಲ್ಲಿ ಎರಡು ಶಿಖರ. ಚಿಕ್ಕ ತರಂಗಾಂತರದ ಕಡೆಯದನ್ನು ನೀಲಿ ಶಿಖರ, ದೊಡ್ಡದರ ಕಡೆಯದನ್ನು ಕೆಂಪು ಶಿಖರ ಅನ್ನುತ್ತಾರೆ. ನನಗೆ ಈ ಇಡೀ ವಿಷಯ ಮನಸ್ಸಿಗೆ ಹತ್ತಿದ್ದೇ ಈ ಚಿತ್ರ ನೋಡಿದ ಮೇಲೆ.

ಹಾಗಾಗಿ ಇಡೀ ಬ್ಯಾಂಡಿನ (ತರಂಗಾಂತರಗಳ ಒಂದು ಪಟ್ಟಿಯ) ಸರಾಸರಿ ಪಾರಗಮ್ಯತೆಯನ್ನು, ಅಂದರೆ ವಿಕಿರಣದಲ್ಲಿ ಎಷ್ಟು ಪಾಲು ದಾಟುತ್ತದೆ ಅನ್ನುವುದನ್ನು, ಪದರದಿಂದ ಪದರಕ್ಕೆ ಗುಣಿಸುತ್ತಾ ಹೋಗುವಂತಿಲ್ಲ. ಇಂಥ ಲೆಕ್ಕಕ್ಕೆ ಬಳಸುವ ಕೋರಿಲೇಟೆಡ್ ಕೆ ವಿಧಾನ ಬ್ಯಾಂಡಿನೊಳಗಿನ ಹೀರುವಿಕೆಯ ಬೆಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತದೆ, ಒಂದು ತಾಪಮಾನದಲ್ಲಿ ಗಟ್ಟಿ ಇರುವ ತರಂಗಾಂತರ ಇನ್ನೊಂದರಲ್ಲೂ ಗಟ್ಟಿಯೇ ಅಂತ ನಂಬುತ್ತದೆ. ವಾತಾವರಣದಲ್ಲಿ ಈ ನಂಬಿಕೆ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ತಾಪಮಾನದ ಅಂತರ ಕಡಿಮೆ. 600 ಮತ್ತು 1800ರ ನಡುವೆ ಮುರಿಯುತ್ತದೆ. ಅದಕ್ಕೆ ಮದ್ದು, ರೇಖೆಗಳನ್ನು ಅವು ಹುಟ್ಟುವ ಕೆಳಮಟ್ಟದ ಶಕ್ತಿಯ ಪ್ರಕಾರ ಗುಂಪು ಮಾಡಿ ಪ್ರತಿ ಗುಂಪನ್ನೂ ಬೇರೆ ಅನಿಲದಂತೆ ಕಾಣುವುದು. ಲೆಕ್ಕದ ಭಾರ ಜಾಸ್ತಿ, ಆದರೆ ಬಿಸಿ ರೇಖೆಗಳು ಸರಿಯಾಗಿ ದಾಟಿ ಬರುತ್ತವೆ.

ಬಾಯ್ಲರ್ ಸಿಮ್ಯುಲೇಶನ್‌ನಲ್ಲಿ ಹೆಚ್ಚಿನವರು ಎಂಜಿನಿಯರ್ ಹಾಟೆಲ್ (Hottel) ಅವರಿಂದ ಬಂದ ವೈಟೆಡ್ ಸಮ್ ಆಫ್ ಗ್ರೇ ಗ್ಯಾಸಸ್ ಮಾದರಿಯನ್ನೇ (ನಿಜವಾದ ಅನಿಲವನ್ನು, ಎಲ್ಲ ತರಂಗಾಂತರದಲ್ಲೂ ಒಂದೇ ಸಮ ಹೀರುವ ಕೆಲವು ಕಾಲ್ಪನಿಕ ಅನಿಲಗಳ ಮೊತ್ತದಂತೆ ಕಾಣುವುದು) ಬಳಸುತ್ತಾರೆ, ಬಳಸಲಿ, ಅದು ವೇಗವಾಗಿದೆ. ಆದರೆ ಅದರ ಸಂಖ್ಯೆಗಳನ್ನು ಸಾಮಾನ್ಯವಾಗಿ ಉದ್ದಕ್ಕೂ ಒಂದೇ ತಾಪಮಾನ ಇರುವ ಅನಿಲಕ್ಕೆ ಹೊಂದಿಸಿರುತ್ತಾರೆ. ಮೊದಲು ಮೇಲೆ ಹೇಳಿದಂಥ ಎರಡು ಪದರದ ಒಂದು ಆಯಾಮದ ಲೆಕ್ಕ ಇಟ್ಟುಕೊಂಡು, ನಿಮ್ಮ ಮಾದರಿಯನ್ನು ಲೈನ್ ಬೈ ಲೈನ್ (ಪ್ರತಿ ರೇಖೆಯನ್ನೂ ಬಿಡಿಯಾಗಿ ಲೆಕ್ಕ ಹಾಕಿದ) ಉತ್ತರದ ಜೊತೆ ಹೋಲಿಸಿ. ಕ್ರಮ ತಿರುಗಿಸಿಯೂ ಹೋಲಿಸಿ.