ಈಮ್ಯಾಕ್ಸ್ ಒಳಗಿನಿಂದಲೇ ಬೋರ್ಡಿನ ಜತೆ ಮಾತು: ಟ್ಯಾಂಕ್ ಪ್ರಾಜೆಕ್ಟಿನ ದಿನಚರಿ

ಶನಿವಾರ ರಾತ್ರಿ

ಮೇಲಿನ ಟ್ಯಾಂಕ್ ತುಂಬಿ ಹರಿಯುವುದು, ಕೆಳಗಿನ ಮನೆಯವರು ಬಂದು ಬೆಲ್ ಒತ್ತುವುದು, ನಾನು ಓಡಿಹೋಗಿ ಮೋಟರ್ ಆಫ್ ಮಾಡುವುದು. ಇದಕ್ಕೊಂದು ಗತಿ ಕಾಣಿಸೋಣ ಅಂತ ಶುರುವಾದ ಪ್ರಾಜೆಕ್ಟ್ ಇದು. ಒಂದು ಇಎಸ್‌ಪಿ8266 ಬೋರ್ಡು (ಅಂಗೈಗಿಂತ ಚಿಕ್ಕ ಕಂಪ್ಯೂಟರ್ ಅನ್ನಿ), ಅದರೊಳಗೆ ಮೈಕ್ರೋಪೈಥಾನ್ (ಇಂಥ ಚಿಪ್ಪುಗಳಿಗೆ ಮಾಡಿದ ಪುಟ್ಟ ಪೈಥಾನ್), ನೀರಿನ ಮಟ್ಟ ನೋಡಲು ಅಲ್ಟ್ರಾಸಾನಿಕ್ ಸೆನ್ಸರ್, ಮೋಟರಿಗೆ ಒಂದು ರಿಲೇ, ಅಂದರೆ ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್. ಸದ್ಯಕ್ಕೆ ಎಲ್ಲವೂ ಮೇಜಿನ ಮೇಲೆ. ಟ್ಯಾಂಕಿನ ಬದಲು ಬಕೆಟ್, ಮೋಟರಿನ ಬದಲು ಬಲ್ಬು. ನನ್ನ ಸೆನ್ಸರ್ 20-25 ಸೆಂ.ಮೀ.ಗಿಂತ ಹತ್ತಿರ ಇರುವುದನ್ನು ಅಳೆಯುವುದಿಲ್ಲ, ಅದಕ್ಕೇ ಬಕೆಟ್ ಮೇಲೆ ಒಂದಡಿ ಎತ್ತರದಲ್ಲಿ ಸ್ಕೇಲಿಗೆ ಕಟ್ಟಿ ನೇತುಹಾಕಿದ್ದೇನೆ. ನೋಡಲು ಬಾವಿಗೆ ರಾಟೆ ಹಾಕಿದ ಹಾಗಿದೆ.

ಆದರೆ ಇವತ್ತು ಬರೆಯಲು ಕೂತಿದ್ದು ನೀರಿನ ಬಗ್ಗೆ ಅಲ್ಲ. ಕೋಡ್ ಬರೆಯುವುದು ಈಮ್ಯಾಕ್ಸ್ ಅನ್ನುವ ಎಡಿಟರ್‌ನಲ್ಲಿ, ಬೋರ್ಡ್ ಹೇಳುವುದನ್ನು ಕೇಳುವುದು ಇನ್ನೊಂದು ಕಿಟಕಿಯಲ್ಲಿ ತೆರೆದ ಮಿನಿಕಾಮ್‌ನಲ್ಲಿ, ಅಂದರೆ ಸೀರಿಯಲ್ ಪೋರ್ಟಿನ ಮೂಲಕ ಬೋರ್ಡಿನ ಜತೆ ಮಾತಾಡಿಸುವ ಪ್ರೋಗ್ರಾಮಿನಲ್ಲಿ. ನಾಲ್ಕು ಸಾಲು ಆ ಕಡೆ ಹಾಕಬೇಕೆಂದರೆ ಮೌಸ್ ಹಿಡಿದು ಎಳೆಯಬೇಕು, ಕಾಪಿ ಮಾಡಬೇಕು, ಕಿಟಕಿ ಬದಲಿಸಬೇಕು, ಅಂಟಿಸಬೇಕು. ದಿನಕ್ಕೆ ನೂರು ಸಲ. ಮಿನಿಕಾಮನ್ನೇ ಈಮ್ಯಾಕ್ಸ್ ಒಳಗೆ ಓಡಿಸಿದರೆ ಆಯ್ತು ಅಲ್ವಾ?

ಕೂತರೆ ಮೊದಲಿಗೆ ಪೋರ್ಟೇ ಕಾಣಲಿಲ್ಲ. ಹೊಸ ಲಿನಕ್ಸ್ ಹಾಕಿಕೊಂಡ ಮೇಲೆ ಇದೇ ಮೊದಲ ಸಲ ಬೋರ್ಡ್ ಚುಚ್ಚಿದ್ದು. ಟಿಟಿವೈ-ಯುಎಸ್‌ಬಿ-0 (ಬೋರ್ಡಿನ ಪೋರ್ಟಿಗೆ ಲಿನಕ್ಸ್ ಕೊಡುವ ಹೆಸರು) ಒಂದು ಕ್ಷಣ ಹುಟ್ಟಿ ಮಾಯವಾಗುತ್ತಿತ್ತು. ಕೇಬಲ್ ಬದಲಿಸಿದೆ, ಬೋರ್ಡ್ ಬದಲಿಸಿದೆ. ಕೊನೆಗೆ ಕರ್ನಲ್ ಸಂದೇಶ ತೆಗೆದು ನೋಡಿದರೆ ಬಿಆರ್‌ಎಲ್‌ಟಿಟಿವೈ ಅನ್ನುವ ಸೇವೆ ಬಂದು ಅದನ್ನು ಎತ್ತಿಕೊಂಡು ಹೋಗುತ್ತಿದೆ. ಕಣ್ಣು ಕಾಣದವರು ಬಳಸುವ ಬ್ರೈಲ್ ಡಿಸ್ಪ್ಲೇಗಳಿಗಾಗಿ ಇರುವ ಸೇವೆ ಅದು. ನನ್ನ ಬೋರ್ಡಿನ ಮೇಲಿರುವ ಸಿಎಚ್340 ಚಿಪ್ಪಿನ ಯುಎಸ್‌ಬಿ ಗುರುತು ಸಂಖ್ಯೆಯೂ ಒಂದು ಬ್ರೈಲ್ ಸಾಧನದ್ದೂ ಒಂದೇ, ಹಾಗಾಗಿ ಅದು ಪಾಪ ತನ್ನದೇ ಅಂದುಕೊಂಡಿದೆ. ನಮ್ಮನೆಯಲ್ಲಿ ಅದನ್ನು ಬಳಸುವವರು ಯಾರೂ ಇಲ್ಲದ್ದರಿಂದ ತೆಗೆದುಹಾಕಿದೆ. ಆಮೇಲೆ ನನ್ನನ್ನು ನಾನು ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿಕೊಂಡು, ಲಾಗ್‌ಔಟ್ ಆಗಿ ಬಂದೆ. ಇಷ್ಟಕ್ಕೇ ರಾತ್ರಿ ಹನ್ನೊಂದು.

ಈಮ್ಯಾಕ್ಸ್ ಒಳಗಿನ ಟರ್ಮಿನಲ್ ಆದ ಆನ್ಸಿ-ಟರ್ಮ್‌ನಲ್ಲಿ ಮಿನಿಕಾಮ್ ಎದ್ದು ನಿಂತಿತು. ಬೋರ್ಡ್ ಹೇಳುವುದು ಕಾಣುತ್ತಿದೆ, ನಾನು ಟೈಪ್ ಮಾಡಿದ್ದು ಮಾತ್ರ ಹೋಗುತ್ತಿಲ್ಲ. ಇದು ಹಳೇ ಕಾಯಿಲೆ, ಗೊತ್ತಿದ್ದೂ ಮರೆತಿದ್ದೆ: ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಮೊದಲಿನಿಂದಲೇ ಆನ್ ಇರುತ್ತದೆ. ಆ ಕಡೆಯಿಂದ ‘ಕಳಿಸು’ ಅಂತ ತಂತಿಯಲ್ಲಿ ಸನ್ನೆ ಬರುವವರೆಗೆ ಅದು ಕಾಯುತ್ತದೆ, ನನ್ನ ಬೋರ್ಡಿನಲ್ಲಿ ಆ ತಂತಿಯನ್ನು ಎಲ್ಲಿಗೂ ಜೋಡಿಸಿಯೇ ಇಲ್ಲ. ಆಫ್ ಮಾಡಿದ ತಕ್ಷಣ ಮಾತು ಶುರು.

ಭಾನುವಾರ

ಮಿನಿಕಾಮ್ ಒಳಗೆ ಓಡುತ್ತದೆ ನಿಜ, ಆದರೆ ಪ್ರಯೋಜನ ಇಲ್ಲ. ಅದು ಇಡೀ ಪರದೆಯನ್ನು ತಾನೇ ಹಿಡಿದುಕೊಂಡು ಕೆಳಗೆ ಒಂದು ಪಟ್ಟಿ ಬರೆದುಕೊಳ್ಳುವ ಪ್ರೋಗ್ರಾಮ್. ಮೇಲೆ ಹೋದ ಸಾಲುಗಳು ಈಮ್ಯಾಕ್ಸ್ ಬಫರಿನಲ್ಲಿ (ಅದು ಪಠ್ಯ ಇಟ್ಟುಕೊಳ್ಳುವ ಜಾಗ) ಉಳಿಯುವುದಿಲ್ಲ, ಅಳಿಸಿಹೋಗುತ್ತವೆ. ಹುಡುಕಲು, ಕತ್ತರಿಸಲು, ಉಳಿಸಲು ಬರುವುದಿಲ್ಲ ಅಂದಮೇಲೆ ಎಡಿಟರ್ ಒಳಗೆ ತಂದು ಏನು ಬಂತು? ಮಿನಿಕಾಮ್ ಕೆಟ್ಟದ್ದು ಅಂತಲ್ಲ. ಡಾಸ್ ಕಾಲದ ಟೆಲಿಕ್ಸ್ ನೋಡಿಕೊಂಡು ಮಾಡಿದ, ಮೋಡೆಮ್ ದಿನಗಳ ಪ್ರೋಗ್ರಾಮ್. ಡಯಲ್ ಮಾಡಬೇಕಾದ ಫೋನ್ ನಂಬರುಗಳ ಪಟ್ಟಿ ಇಡುವ ಮೆನು ಇವತ್ತಿಗೂ ಅದರಲ್ಲಿದೆ.

ಅದರ ಬದಲು ಅದೇ ಕೆಲಸ ಮಾಡುವ ಪಿಕೊಕಾಮ್ ಹಾಕಿದೆ. ಇದಕ್ಕೆ ಮೆನು ಇಲ್ಲ, ಪಟ್ಟಿ ಇಲ್ಲ, ಬಂದಿದ್ದನ್ನು ಹಾಗೇ ದಾಟಿಸುತ್ತದೆ. ಸಾಲುಗಳೆಲ್ಲ ಬಫರಿನಲ್ಲಿ ಉಳಿದವು. ಅರ್ಧ ದಿನ ಇದರಲ್ಲೇ ಖುಷಿಯಾಗಿದ್ದೆ. ಆಮೇಲೆ ಈಮ್ಯಾಕ್ಸ್ ಕೈಪಿಡಿಯಲ್ಲಿ ಬೇರೇನೋ ಹುಡುಕುತ್ತಿದ್ದಾಗ ಸೀರಿಯಲ್-ಟರ್ಮ್ ಅನ್ನುವ ಆಜ್ಞೆ ಕಣ್ಣಿಗೆ ಬಿತ್ತು. 2009ರಲ್ಲಿ ಬಂದ ಈಮ್ಯಾಕ್ಸ್ 23ರಿಂದಲೇ ಇದೆಯಂತೆ! ಹೊರಗಿನ ಪ್ರೋಗ್ರಾಮೇ ಬೇಡ. ಪೋರ್ಟ್ ಯಾವುದು ಅಂತ ಕೇಳುತ್ತದೆ, ವೇಗ ಎಷ್ಟು ಅಂತ ಕೇಳುತ್ತದೆ, ಸೆಕೆಂಡಿಗೆ 115200 ಬಿಟ್ ಅಂದೆ, ಎಂಟರ್ ಒತ್ತಿದೆ, ಮೈಕ್ರೋಪೈಥಾನ್ ಆಜ್ಞೆಗೆ ಕಾಯುವಾಗ ತೋರಿಸುವ ಮೂರು ಬಾಣದ ಪ್ರಾಂಪ್ಟ್ ಬಂತು. ಕೆಳಗಿನ ಮೋಡ್ ಲೈನಿನಲ್ಲಿ ವೇಗವೂ 8ಎನ್1 (ಒಂದೊಂದು ಅಕ್ಷರವನ್ನು ಬಿಟ್‌ಗಳಾಗಿ ಕಳಿಸುವ ರೀತಿ) ಅಂತಲೂ ಕಾಣುತ್ತದೆ, ಅದರ ಮೇಲೆ ಕ್ಲಿಕ್ ಮಾಡಿ ಬದಲಿಸಬಹುದು.

ಕೈಗೆ ಅಭ್ಯಾಸವಾಗಲು ಒಂದು ಸಂಜೆ ಬೇಕಾಯಿತು. ಇದರ ಕ್ಯಾರೆಕ್ಟರ್ ಮೋಡ್‌ನಲ್ಲಿ ಒತ್ತಿದ ಕೀಲಿಯೆಲ್ಲ ನೇರ ಬೋರ್ಡಿಗೇ ಹೋಗುತ್ತದೆ, ಕಂಟ್ರೋಲ್-ಎಕ್ಸ್ ಕೂಡ. ಪಕ್ಕದ ಕಿಟಕಿಗೆ ಹೋಗಬೇಕಾದರೆ ಕಂಟ್ರೋಲ್-ಸಿ, ಆಮೇಲೆ ಒ. ಬೋರ್ಡಿನಲ್ಲಿ ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್-ಸಿ ಎರಡು ಸಲ. ಲೈನ್ ಮೋಡ್‌ಗೆ ಹೋದರೆ ಬಫರ್ ಮಾಮೂಲಿ ಪಠ್ಯದ ಹಾಗೆ ಆಗುತ್ತದೆ, ಎಲ್ಲಿ ಬೇಕಾದರೂ ಓಡಾಡಬಹುದು. ಆದರೆ ಅಲ್ಲಿಂದ ಏನು ಟೈಪ್ ಮಾಡಿ ಎಂಟರ್ ಒತ್ತಿದರೂ ಬೋರ್ಡ್ ತೆಪ್ಪಗಿತ್ತು. ಲೈನ್ ಮೋಡ್ ಸಾಲಿನ ಕೊನೆಗೆ ಕಳಿಸುವುದು ಲೈನ್‌ಫೀಡ್, ಮೈಕ್ರೋಪೈಥಾನ್ ಪ್ರಾಂಪ್ಟ್ ಕಾಯುವುದು ಕ್ಯಾರೇಜ್ ರಿಟರ್ನ್‌ಗೆ. ಎರಡೂ ಸಾಲು ಮುಗಿಯಿತು ಅನ್ನುವ ಗುರುತುಗಳೇ, ಆದರೆ ಬೇರೆ ಬೇರೆ. ಲಿನಕ್ಸ್ ಶೆಲ್ ಆಗಿದ್ದರೆ ಮಧ್ಯದಲ್ಲಿ ಯಾರೋ ಸರಿಮಾಡುತ್ತಿದ್ದರು, ಇಲ್ಲಿ ಮಧ್ಯೆ ಯಾರೂ ಇಲ್ಲ. ಟರ್ಮ್-ಇನ್‌ಪುಟ್-ಸೆಂಡರ್ ಅನ್ನುವ ವೇರಿಯಬಲ್‌ಗೆ ಎರಡು ಸಾಲಿನ ನನ್ನದೇ ಫಂಕ್ಷನ್ ಕೊಟ್ಟೆ, ಸರಿಹೋಯಿತು.

ಇನ್ನೊಂದು ತಮಾಷೆ. ರೀಸೆಟ್ ಒತ್ತಿದಾಗಲೆಲ್ಲ ಪ್ರಾಂಪ್ಟಿಗೆ ಮುಂಚೆ ಒಂದು ಹಿಡಿ ಕಸ ಬರುತ್ತದೆ. ಈ ಚಿಪ್ಪಿನ ಬೂಟ್ ರಾಮ್ (ROM, ಚಿಪ್ ಎದ್ದ ಕೂಡಲೇ ಓಡುವ ಕೋಡ್ ಇರುವ ಜಾಗ) ಮಾತಾಡುವುದು 74880 ವೇಗದಲ್ಲಿ. ಯಾಕೆ ಆ ವಿಚಿತ್ರ ಸಂಖ್ಯೆ ಅಂದರೆ, ಅದು 40 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿಗೆ ತಾಳ ಹಾಕುವ ಹರಳು) ಇದೆ ಅಂದುಕೊಂಡು 115200ಕ್ಕೆ ಲೆಕ್ಕ ಹಾಕುತ್ತದೆ, ಬೋರ್ಡಿನಲ್ಲಿ ಇರುವುದು 26ರ ಕ್ರಿಸ್ಟಲ್. 115200ನ್ನು 26ರಿಂದ ಗುಣಿಸಿ 40ರಿಂದ ಭಾಗಿಸಿ ನೋಡಿ, ಸರಿಯಾಗಿ 74880. ಈಮ್ಯಾಕ್ಸ್ ಈ ವೇಗ ಒಪ್ಪಲಿಲ್ಲ. ಒಂದು ಸಲ ಪೈಸೀರಿಯಲ್‌ನ ಮಿನಿಟರ್ಮ್ ಅನ್ನುವ ಇನ್ನೊಂದು ಪ್ರೋಗ್ರಾಮಿನಲ್ಲಿ ನೋಡಿದೆ. ಬಟನ್ ಒತ್ತಿ ರೀಸೆಟ್ ಮಾಡಿದರೆ ಕಾರಣ 2, ಪ್ಲಗ್ ಕಿತ್ತು ಹಾಕಿದರೆ ಕಾರಣ 1 ಅಂತ ಬರೆಯುತ್ತದೆ. ಅಷ್ಟು ಗೊತ್ತಾದಮೇಲೆ ಕಸವನ್ನು ಕಸವಾಗಿಯೇ ಬಿಟ್ಟೆ.

ಬುಧವಾರ

ಆಫೀಸಿನಿಂದ ಬಂದು ಒಂದು ಗಂಟೆ ಸಿಕ್ಕಿತು. ಇಷ್ಟೆಲ್ಲ ಮಾಡಿದ್ದು ಯಾವುದಕ್ಕೋ ಆ ಕೆಲಸ: ಎಡ ಕಿಟಕಿಯಲ್ಲಿ ಗುರುತು ಮಾಡಿದ ಕೋಡ್, ಒಂದು ಕೀಲಿ ಒತ್ತಿದರೆ ಬಲ ಕಿಟಕಿಯ ಬೋರ್ಡಿಗೆ.

ಸುಮ್ನೆ ಕಳಿಸಿದರೆ ಏನಾಗುತ್ತದೆ ಅಂತ ಮೊದಲು ನೋಡಿದೆ. ಪ್ರಾಂಪ್ಟ್ ತಾನೇ ಇಂಡೆಂಟ್ (ಸಾಲಿನ ಶುರುವಿಗೆ ಬಿಡುವ ಖಾಲಿ ಜಾಗ) ಹಾಕುತ್ತದೆ, ನನ್ನ ಕೋಡಿನಲ್ಲೂ ಇಂಡೆಂಟ್ ಇದೆ, ಎರಡೂ ಸೇರಿ ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಜಾರುತ್ತಾ ಹೋಗಿ ಇಂಡೆಂಟೇಶನ್ ಎರರ್. ಇದಕ್ಕೆ ಮೈಕ್ರೋಪೈಥಾನ್‌ನಲ್ಲೇ ಪೇಸ್ಟ್ ಮೋಡ್ ಇದೆ: ಕಂಟ್ರೋಲ್-ಇ ಒತ್ತಿ ಒಳಗೆ ಹೋಗು, ಅಂಟಿಸು, ಕಂಟ್ರೋಲ್-ಡಿ ಒತ್ತಿ ಓಡಿಸು. ಅದನ್ನೇ ಫಂಕ್ಷನ್ ಮಾಡಿದೆ. ಎರಡನೇ ಸಮಸ್ಯೆ, ನಲವತ್ತು ಸಾಲು ಒಟ್ಟಿಗೆ ಸುರಿದರೆ ಮಧ್ಯದ ಅಕ್ಷರಗಳು ಬಿದ್ದುಹೋಗುತ್ತವೆ. ಫ್ಲೋ ಕಂಟ್ರೋಲ್ ಆಫ್ ಮಾಡಿ ಹೆಮ್ಮೆಪಟ್ಟಿದ್ದೆನಲ್ಲ, ಅದರ ಬೆಲೆ. ಒಂದೊಂದೇ ಸಾಲು ಕಳಿಸಿ ಸಾಲಿಗೊಮ್ಮೆ 20 ಮಿಲಿಸೆಕೆಂಡ್ ನಿಲ್ಲಿಸಿದೆ. ಆಮೇಲೆ ಒಂದಕ್ಷರವೂ ಬಿದ್ದಿಲ್ಲ.

ಮೂರನೆಯದು ನನ್ನದೇ ಅತಿಬುದ್ಧಿ. ಇರಲಿ ಅಂತ ಕೊನೆಗೆ ಕಂಟ್ರೋಲ್-ಡಿ ಎರಡು ಸಲ ಕಳಿಸಿದ್ದೆ. ಮೊದಲನೆಯದು ಕೋಡನ್ನು ಓಡಿಸಿತು, ರಿಲೇ ಟಕ್ ಅಂತು, ಬಲ್ಬ್ ಹತ್ತಿತು. ಎರಡನೆಯದು ಖಾಲಿ ಪ್ರಾಂಪ್ಟಿಗೆ ಹೋಗಿ ಬೋರ್ಡನ್ನು ಸಾಫ್ಟ್ ರೀಬೂಟ್ ಮಾಡಿತು, ಮತ್ತೆ ಟಕ್, ಬಲ್ಬ್ ಆರಿತು. ಟಕ್-ಟಕ್. ಹತ್ತು ನಿಮಿಷ ರಿಲೇ ಕೆಟ್ಟಿದೆ ಅಂದುಕೊಂಡು ತಂತಿ ಅಲುಗಾಡಿಸುತ್ತಿದ್ದೆ.

ಶನಿವಾರ, ಮತ್ತೆ

ನಿನ್ನೆ ರಾತ್ರಿ ಇಡೀ ಓಡಲು ಬಿಟ್ಟು ಮಲಗಿದೆ. ಎರಡು ಸೆಕೆಂಡಿಗೊಂದು ಸಾಲು. ಬೆಳಗ್ಗೆ ನೋಡಿದರೆ ನಾನು ಮಲಗಲು ಹೋದ ಹೊತ್ತಿನ ಸಾಲುಗಳೇ ಇಲ್ಲ. ಟರ್ಮ್ ಬಫರ್ ಇಟ್ಟುಕೊಳ್ಳುವುದು 8192 ಸಾಲು, ಅಂದರೆ ನನ್ನ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ. ಆ ಮಿತಿಯನ್ನು 0 ಮಾಡಿದರೆ ಎಲ್ಲ ಉಳಿಯುತ್ತದೆ. ಮಾಡಿದೆ. ಇನ್ನೊಂದು: ಈಮ್ಯಾಕ್ಸ್ ಪೋರ್ಟನ್ನು ಹಿಡಿದಿರುವಾಗ ಫೈಲ್ ಕಳಿಸುವ ಬೇರೆ ಟೂಲ್‌ಗೆ ‘ಬ್ಯುಸಿ’ ಅನ್ನುವ ಉತ್ತರ. ಮೊದಲು ಬಫರ್ ಮುಚ್ಚಬೇಕು.

ಈಗ ನನಗೆ ನಿಜಕ್ಕೂ ಹಿಡಿಸಿದ ವಿಷಯ. ಅಮ್ಮನಿಗೂ ಓದಲು ಬರಲಿ ಅಂತ ಬೋರ್ಡಿನ ಸಂದೇಶಗಳನ್ನು ಕನ್ನಡದಲ್ಲೇ ಬರೆದಿದ್ದೇನೆ: ‘ತೊಟ್ಟಿ ಖಾಲಿ’, ‘ಮೋಟರ್ ಹಾಕಿದೆ’, ‘ತೊಟ್ಟಿ ತುಂಬಿತು’. ಹೊರಗಿನ ಟರ್ಮಿನಲ್ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಅಂತ ಲೆಕ್ಕ ಹಾಕುವುದರಿಂದ ಅಲ್ಲಿ ‘ತೊಟ್ಟಿ’ಯ ಒತ್ತಕ್ಷರ ಪಕ್ಕಕ್ಕೆ ಸಿಡಿದು, ಗುಡಿಸು ಎಲ್ಲೋ ನೇತಾಡುತ್ತಿತ್ತು. ಈಮ್ಯಾಕ್ಸ್ 27ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸುತ್ತದೆ, ಟರ್ಮ್ ಬಫರ್ ಕೂಡ ಅದಕ್ಕೆ ಮಾಮೂಲಿ ಪಠ್ಯವೇ. ಹಾಗಾಗಿ ಸೀರಿಯಲ್ ತಂತಿಯಲ್ಲಿ ಬಂದ ‘ತೊಟ್ಟಿ’ ಅಚ್ಚು ಹಾಕಿದ ಹಾಗೆ ಕೂರುತ್ತದೆ. ಲೈನ್ ಮೋಡ್‌ಗೆ ಹೋಗಿ, ಹುಡುಕಾಟ ಶುರುಮಾಡಿ, ಕನ್ನಡ-ಐಟ್ರಾನ್ಸ್ ಇನ್‌ಪುಟ್ (ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಬರೆಯುವ ವಿಧಾನ) ಆನ್ ಮಾಡಿ ‘ಖಾಲಿ’ ಅಂತ ಹಿಂದಕ್ಕೆ ಹುಡುಕಿದೆ. ಬಕೆಟ್ ಬಗ್ಗಿಸಿದ್ದು ಒಂದೇ ಸಲ, ಲಾಗ್‌ನಲ್ಲಿ ‘ತೊಟ್ಟಿ ಖಾಲಿ’ ಮೂರು ಸಲ ಇದೆ. ಉಳಿದ ಎರಡೂ ರಿಲೇ ಟಕ್ ಅಂದ ಮರುಸಾಲಿನಲ್ಲೇ. ಹಾಗಾದರೆ ಸೆನ್ಸರಿಗೂ ರಿಲೇಗೂ ಒಂದೇ 5 ವೋಲ್ಟ್ ತಂತಿ ಕೊಟ್ಟಿರುವುದು ಸರಿಯಿಲ್ಲ ಅನಿಸುತ್ತದೆ. ನಾಳೆ ರಿಲೇಗೆ ಬೇರೆ ಅಡಾಪ್ಟರ್ ಹಾಕಿ ಇನ್ನೊಂದು ರಾತ್ರಿ ಓಡಿಸುತ್ತೇನೆ, ಬಕೆಟ್ ಇನ್ನೂ ಮೇಜಿನ ಮೇಲೇ ಇರಲಿ.