ತವರಿನ ಪಾಲು ಮತ್ತು ಅಕ್ಕತಂಗಿಯರ ಸಹಿ

ಹೆಣ್ಣುಮಗಳು ತವರಿನ ಆಸ್ತಿಯಲ್ಲಿ ಪಾಲು ಕೇಳಿದರೆ ನಮ್ಮ ಕಡೆ ಇವತ್ತಿಗೂ ಜನ ಮುಖ ಸಿಂಡರಿಸುತ್ತಾರೆ. "ಒಡಹುಟ್ಟಿದವರ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ಳು" ಅನ್ನುತ್ತಾರೆ. ಕರ್ನಾಟಕದಲ್ಲಿ ಕಾನೂನು ಆ ಪಾಲು ಕೊಟ್ಟು ಮೂವತ್ತು ವರ್ಷದ ಮೇಲಾಯಿತು. ಆದರೂ ಎಷ್ಟೋ ಮನೆಗಳಲ್ಲಿ ಅದು ಬಂದಷ್ಟೇ ಬೇಗ, ನನಗೆ ಪಾಲು ಬೇಡ ಅಂತ ಬರೆದುಕೊಡುವ ಹಕ್ಕು ಬಿಡುಗಡೆ ಪತ್ರದ ಒಂದು ಸಹಿಯಲ್ಲಿ ಹೋಗಿಬಿಡುತ್ತದೆ. ಪ್ರೀತಿಯ ಹೆಸರಲ್ಲಿ ಆ ಸಹಿ ಹಾಕಿಸಿಕೊಳ್ಳುವುದು ನಿಲ್ಲಬೇಕು ಅನ್ನುವುದು ನನ್ನ ಮಾತು.

ಕಾನೂನಿನ ಕಥೆಯನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಗೊಂದಲ ಜಾಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಯಲ್ಲಿ, ಅವರು ವಿಲ್ ಬರೆಯದೆ ತೀರಿಕೊಂಡರೆ, ಮಗಳಿಗೂ ಮಗನಷ್ಟೇ ಪಾಲು. ಆದರೆ ಅಜ್ಜ ಮುತ್ತಜ್ಜನ ಕಾಲದ ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ ಇತ್ತು. ಅದರಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತಿದ್ದದ್ದು ಗಂಡುಮಕ್ಕಳಿಗೆ ಮಾತ್ರ. ಹಳ್ಳಿಗಳಲ್ಲಿ ಹೊಲ ತೋಟ ಅಂದರೆ ಹೆಚ್ಚಾಗಿ ಪಿತ್ರಾರ್ಜಿತವೇ ಅಲ್ವಾ? ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಇದನ್ನು ಬದಲಾಯಿಸಿದವು. ನಮ್ಮಲ್ಲಿ ಬದಲಾಗಿದ್ದು 1994ರ ಜುಲೈ 30ರಿಂದ. ಅದರಲ್ಲೂ ಒಂದು ತೊಡಕಿತ್ತು. ಆ ದಿನಕ್ಕೆ ಮುಂಚೆ ಮದುವೆಯಾಗಿದ್ದವರಿಗೆ ಇದು ಅನ್ವಯಿಸುತ್ತಿರಲಿಲ್ಲ. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, 1995ರಲ್ಲಿ ಆದ ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದ ತೆಗೆಯಿತು. ಆಮೇಲೆ ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನುವ ತಕರಾರು ವರ್ಷಗಟ್ಟಲೆ ಎಳೆಯಿತು. ಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗಿಟ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಆಗ ಇದ್ದರೋ ಇಲ್ಲವೋ ಮುಖ್ಯ ಅಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾದ, ಇಲ್ಲವೇ ಮಾರಿಹೋದ ಆಸ್ತಿಯನ್ನು ಮಾತ್ರ ಈಗ ಕೆದಕಲು ಆಗುವುದಿಲ್ಲ.

"ಇದೆಲ್ಲ ಹೊಸ ಕಾಲದ ಹುಚ್ಚು" ಅನ್ನುವವರಿಗೆ ಒಂದು ಮಾತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಕಾಯ್ದೆ ಮಾಡಿತ್ತು. ಸಮಪಾಲಲ್ಲ, ನಿಜ. ಆದರೂ ಮನೆ ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಭಾಗ ಅಂತ ಬರೆದಿತ್ತು. ಕರಾವಳಿಗೆ ಹೋದರೆ ಬಂಟರು, ಮೊಗವೀರರಲ್ಲಿ ಅಳಿಯಕಟ್ಟು ಇತ್ತು. ವಂಶ, ಆಸ್ತಿ ಎರಡೂ ತಾಯಿ ಕಡೆಯಿಂದ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇರುತ್ತಿತ್ತು, ಅದು ಬೇರೆ ಮಾತು. ಆದರೆ ಹೆಣ್ಣಿನ ಮೂಲಕ ಆಸ್ತಿ ಇಳಿದರೆ ಮನೆತನ ಮುರಿದುಬೀಳುತ್ತದೆ ಅನ್ನುವ ಮಾತು ಈ ನೆಲದಲ್ಲಿ ನಿಲ್ಲುವುದಿಲ್ಲ.

ಈಗ ಸಹಿಯ ವಿಷಯ. ಹೋದ ವರ್ಷ ನಮ್ಮ ನೆಂಟರ ಮನೆಯ ಒಬ್ಬರು ಅಕ್ಕನ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಪತ್ರ ಬರೆಯುವವರು ಆಗಲೇ ಟೈಪ್ ಮಾಡಿಸಿ ಇಟ್ಟಿದ್ದರು. "ನನ್ನ ಮದುವೆ ಕಾಲದಲ್ಲಿ ಒಡವೆ ವಸ್ತ್ರ ಪಡೆದು ಸಂತೃಪ್ತಳಾಗಿದ್ದು, ಷೆಡ್ಯೂಲು ಸ್ವತ್ತಿನಲ್ಲಿ ನನಗೆ ಯಾವುದೇ ಹಕ್ಕು ಇರುವುದಿಲ್ಲ" ಅನ್ನುವ ಧಾಟಿಯ ಸಾಲುಗಳು. ಷೆಡ್ಯೂಲಿನಲ್ಲಿ, ಅಂದರೆ ಪತ್ರದಲ್ಲಿ ಕೊಟ್ಟ ಆಸ್ತಿಯ ಪಟ್ಟಿಯಲ್ಲಿ, ಎಷ್ಟು ಸರ್ವೆ ನಂಬರ್ ಇವೆ ಅಂತ ಅಕ್ಕ ನೋಡಲಿಲ್ಲ. ಯಾರೂ ತೋರಿಸಲೂ ಇಲ್ಲ. ಕ್ಯಾಮೆರಾ ಮುಂದೆ ಕೂತರು, ಹೆಬ್ಬೆಟ್ಟು ಒತ್ತಿದರು, "ಒಪ್ಪಿಗೆ ಇದೆಯೇನಮ್ಮಾ" ಅಂದಾಗ ತಲೆ ಆಡಿಸಿದರು. ಹೊರಗೆ ಬಂದ ಮೇಲೆ ತಮ್ಮ ಒಂದು ಸೀರೆಯ ಕವರು, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟ. ಎಲ್ಲರೂ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಬಸ್ಸಿನಲ್ಲಿ ಅಕ್ಕ ಹೇಳಿದ್ದು ಒಂದೇ ಮಾತು: "ನಾಳೆ ನನಗೇನಾದ್ರೂ ಆದ್ರೆ ಹೋಗೋಕೆ ಒಂದು ಮನೆ ಬೇಕಲ್ಲ ಕಣೇ."

ಹಕ್ಕು ಗೊತ್ತಿಲ್ಲದೆ ಅವರು ಸಹಿ ಹಾಕಿದ್ದಲ್ಲ. ಗೊತ್ತಿತ್ತು. ಬಾಣಂತನ, ಗೌರಿ ಹಬ್ಬದ ಬಾಗಿನ, ಮಗಳ ಮದುವೆಗೆ ಸೋದರಮಾವ, ಗಂಡ ಕುಡಿದು ಹೊಡೆದ ರಾತ್ರಿ ಬಂದು ಬಾಗಿಲು ತಟ್ಟಲು ಒಂದು ಮನೆ, ಇದೆಲ್ಲ ತವರಿನಿಂದ ಬರಬೇಕು, ಪಾಲು ಕೇಳಿದ ದಿನ ಅದಷ್ಟೂ ಕೈತಪ್ಪುತ್ತದೆ ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ನನಗೆ ಸಿಟ್ಟು ಬರುವುದು ಇಲ್ಲೇ. ತವರಿನ ಬಾಗಿಲು ತೆರೆದಿರಬೇಕಾದರೆ ಆಸ್ತಿ ಬಿಟ್ಟುಕೊಡಬೇಕು ಅಂದರೆ ಅದು ಪ್ರೀತಿ ಅಲ್ಲ, ವ್ಯಾಪಾರ. ಅವಳ ಹೆಸರಲ್ಲಿ ಹತ್ತು ಗುಂಟೆ ಇದ್ದಿದ್ದರೆ ಆ ರಾತ್ರಿ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲವೇನೋ.

ಅಣ್ಣತಮ್ಮಂದಿರಿಗೂ ಅವರದೇ ಆದ ವಾದ ಇದೆ. ವರದಕ್ಷಿಣೆ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. 1961ರಿಂದ ಅದು ಅಪರಾಧ. ಅಷ್ಟಕ್ಕೂ ಆ ದುಡ್ಡು ಹೋಗಿದ್ದು ಅಳಿಯನ ಮನೆಗೆ, ಮಗಳ ಹೆಸರಿಗಲ್ಲ. ಅಪ್ಪ ಅಮ್ಮನನ್ನು ನಾವು ನೋಡಿಕೊಂಡೆವು ಅನ್ನುವುದು ಮಾತ್ರ ತೂಕದ ಮಾತು. ಮದುವೆ ಸಾಲ ತೀರಿಸಿದ್ದು, ಆಸ್ಪತ್ರೆಗೆ ಸುರಿದದ್ದು, ಬೋರ್‌ವೆಲ್ ಹಾಕಿಸಿದ್ದು, ಎಲ್ಲವನ್ನೂ ಕೂತು ಲೆಕ್ಕ ಹಾಕಿ, ಪಾಲಿನಲ್ಲಿ ಕಳೆಯಿರಿ. ತಪ್ಪೇನಿಲ್ಲ. ಆದರೆ ಆ ಲೆಕ್ಕದಲ್ಲಿ ಅತ್ತೆಯ ಹಾಸಿಗೆ ಬದಲಿಸಿದ, ಮಾವನಿಗೆ ಊಟ ತಿನ್ನಿಸಿದ ಅತ್ತಿಗೆಯ ಹೆಸರೂ ಬರಬೇಕು. ಅಕ್ಕತಂಗಿಗೆ ಕೊಟ್ಟರೆ ನಮಗೇನು ಉಳಿಯುತ್ತದೆ ಅನ್ನುವ ಮನೆಗೆ ಅತ್ತಿಗೆಯ ತವರಿನಿಂದಲೂ ಒಂದು ಪಾಲು ಬರಬೇಕಿತ್ತು, ಅವಳೂ ಎಲ್ಲೋ ಒಂದು ಕಚೇರಿಯಲ್ಲಿ ಹೀಗೇ ಹೆಬ್ಬೆಟ್ಟು ಒತ್ತಿ ಬಂದಿರುತ್ತಾಳೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ.

ಬದಲಾವಣೆ ಆಗಿಲ್ಲ ಅಂತಲ್ಲ. ಅದು ಬಂದ ದಾರಿ ಬೇರೆ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬಂದು ಜಮೀನಿಗೆ ಬೆಲೆ ಏರಿದ ಮೇಲೆ ಕೊಳ್ಳುವವರ ವಕೀಲರು, ಸಾಲ ಕೊಡುವ ಬ್ಯಾಂಕಿನವರು ವಂಶವೃಕ್ಷ ಕೇಳತೊಡಗಿದರು. ಎಲ್ಲ ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ವ್ಯವಹಾರ ಬೇಡ ಅಂದರು. ಅಲ್ಲಿಯವರೆಗೆ ನೆನಪೇ ಆಗದ ಅಕ್ಕನ ಮನೆಗೆ ಕಾರು ಹೋಯಿತು. ಕೆಲವರು ಆಗ ಗಟ್ಟಿಯಾಗಿ ಕೂತು ತಮ್ಮ ಭಾಗ ಪಡೆದರು, ನನಗೆ ಅದು ಖುಷಿಯ ವಿಷಯ. ಆದರೆ ಜಮೀನು ಮಾರುವಾಗ ಮಾತ್ರ ನೆನಪಾಗುವ ಹಕ್ಕು, ಮಾರದ ಊರುಗಳಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಹೆಸರೇ ಬಿಟ್ಟು ವಂಶವೃಕ್ಷ ಕೊಡುವವರಿದ್ದಾರೆ. ಗಂಡುಮಕ್ಕಳ ಹೆಸರಿಗೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯ ವರ್ಗಾವಣೆ, ಸದ್ದಿಲ್ಲದೆ ಆಗಿಹೋಗುತ್ತದೆ.

ಹಾಗಾಗಿ ಓದುತ್ತಿರುವ ಅಕ್ಕತಂಗಿಯರೇ, ಜಗಳ ಬೇಡ, ಮೊದಲು ನೋಡಿ. ತವರಿನ ಜಮೀನಿನ ಸರ್ವೆ ನಂಬರ್ ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಹಳ್ಳಿ ಆರಿಸಿ ಆ ನಂಬರ್ ಹಾಕಿದರೆ ಜಮೀನಿನ ದಾಖಲೆಯಾದ ಪಹಣಿ ಫೋನಿನಲ್ಲೇ ಕಾಣುತ್ತದೆ. ಒಂಬತ್ತನೇ ಕಲಂನಲ್ಲಿ ಯಾರ ಹೆಸರಿದೆ ಓದಿ. ಅಪ್ಪ ಇದ್ದರೆ ಈ ವಿಷಯ ಅವರ ಮುಂದೆಯೇ, ಮನೆಯಲ್ಲೇ, ಅಣ್ಣತಮ್ಮಂದಿರೂ ಕೂತಿರುವಾಗ ಎತ್ತಿ. ಸಹಿಗೆ ಕರೆದರೆ ಕರಡು ಪತ್ರವನ್ನು ಒಂದು ವಾರ ಮುಂಚೆ ಮನೆಗೆ ತರಿಸಿಕೊಳ್ಳಿ, ನಿಮಗೆ ನಂಬಿಕೆ ಇರುವ ವಕೀಲರಿಗೆ ತೋರಿಸಿ. ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಓದಿ ನೋಡಿದ ಮೇಲೂ ತಮ್ಮನಿಗೇ ಬಿಡೋಣ ಅನ್ನಿಸಿದರೆ ಬಿಡಿ, ಅದು ನಿಮ್ಮದು, ನಿಮ್ಮ ಇಷ್ಟ.