ಹನ್ನೆರಡು ದಿನ ಒಂದೇ ಕಾರಿನಲ್ಲಿ: "ಮಗಳ ಜೊತೆ ಜಗಳ ಆಗ್ಲಿಲ್ವಾ?"

ಮದುವೆ ಮನೆಯಲ್ಲಿ ಸಿಕ್ಕವರೂ ಕೇಳುತ್ತಾರೆ, ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಬರುವವರೂ ಕೇಳುತ್ತಾರೆ. "ಹದಿನಾರು ವರ್ಷದ ಹುಡುಗಿ ಜೊತೆ ಹನ್ನೆರಡು ದಿನ ಒಂದೇ ಕಾರಲ್ಲಾ? ಜಗಳ ಆಗ್ಲಿಲ್ವಾ?" ಸ್ಕಾಟ್ಲೆಂಡ್ ಹೇಗಿದೆ ಅಂತ ಕೇಳಿದವರು ಇಬ್ಬರೋ ಮೂವರೋ ಅಷ್ಟೇ.

ಆಯಿತು. ಎರಡು ದೊಡ್ಡ ಜಗಳ, ಲೆಕ್ಕವಿಲ್ಲದಷ್ಟು ಸಣ್ಣವು. ಆದರೂ ನನ್ನನ್ನು ಕೇಳಿದರೆ, ಮಕ್ಕಳಿಗೆ ಮೀಸೆ ಮೊಳೆಯುವ ವಯಸ್ಸಿನಲ್ಲಿ, ಬಾಗಿಲು ಹಾಕಿಕೊಳ್ಳುವ ವಯಸ್ಸಿನಲ್ಲಿ ಹೀಗೊಮ್ಮೆ ಹೋಗಿಬನ್ನಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಹೋದದ್ದು 2025ರ ಏಪ್ರಿಲ್‌ನಲ್ಲಿ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಮೂವರ ಟಿಕೆಟ್ ಬುಕ್ ಆಗಿತ್ತು, ನಮ್ಮೆಜಮಾನರಿಗೆ ಕೊನೇ ಗಳಿಗೆಯಲ್ಲಿ ರಜೆ ಕ್ಯಾನ್ಸಲ್ ಆಯಿತು. ನಾವಿಬ್ಬರೇ ಹೊರಟೆವು. ಎಡಿನ್‌ಬರೋದಲ್ಲಿ ಕಾರು ತೆಗೆದುಕೊಂಡು, ಸ್ಕಾಟ್ಲೆಂಡಿನ ಮೇಲೆಲ್ಲಾ ಸುತ್ತಿ, ಇಂಗ್ಲೆಂಡಿಗೆ ಇಳಿದು, ಲಂಡನ್ ಹತ್ತಿರ ಕಾರು ವಾಪಸ್ ಕೊಡುವುದು ಅಂತ ಪ್ಲಾನ್. ನಮ್ಮ ಅತ್ತೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟರು. ತುಪ್ಪವನ್ನು ಮಾತ್ರ ನಾನೇ ಬ್ಯಾಗಿನಿಂದ ತೆಗೆದಿಟ್ಟೆ, ಹಾಲಿನ ಪದಾರ್ಥ ಆ ದೇಶಕ್ಕೆ ಬಿಡುವುದಿಲ್ಲ.

"ಅಲ್ಲಿ ನೀವೇ ಓಡಿಸಿದ್ರಾ?" ಅನ್ನುವುದು ಇನ್ನೊಂದು ಪ್ರಶ್ನೆ. ಹೌದು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಸ್ಟಿಯರಿಂಗ್ ಬಲಕ್ಕೇ. ಪ್ರವಾಸಕ್ಕೆ ಹೋದವರು ನಮ್ಮ ಲೈಸೆನ್ಸ್‌ನಲ್ಲೇ ಒಂದು ವರ್ಷದವರೆಗೆ ಓಡಿಸಬಹುದು. ಕಾರು ಕೊಡುವವರು ಕೇಳಿದರೆ ಇರಲಿ ಅಂತ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಮಾಡಿಸಿದ್ದೆ. ಕಷ್ಟ ಇದ್ದದ್ದು ಎರಡೇ. ಒಂದು, ವೇಗ ಎಲ್ಲಾ ಮೈಲಿಯಲ್ಲಿ. 70 ಅಂತ ಬೋರ್ಡ್ ಇದ್ದರೆ ನಮ್ಮ ಲೆಕ್ಕದಲ್ಲಿ 112. ಇನ್ನೊಂದು, ರೌಂಡ್‌ಅಬೌಟ್. ಮೈಸೂರಿನವಳಿಗೆ ಸರ್ಕಲ್ ಹೊಸದಾ ಅಂತ ಧೈರ್ಯವಾಗಿದ್ದೆ. ನಮ್ಮಲ್ಲಿ ಯಾರು ದೊಡ್ಡವರೋ ಅವರು ನುಗ್ಗುತ್ತಾರೆ. ಅಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಕಾಯಬೇಕು, ಒಳಗೆ ಹೋದಮೇಲೆ ಎಷ್ಟನೇ ದಾರಿಗೆ ತಿರುಗಬೇಕು ಅಂತ ಎಣಿಸಬೇಕು. ಮೊದಲನೇ ರೌಂಡ್‌ಅಬೌಟ್‌ನಲ್ಲೇ ಮೂರು ಪ್ರದಕ್ಷಿಣೆ ಹಾಕಿದೆ. "ಮೂರನೇದು ಅಂದೆ ಅಮ್ಮ!" "ಇದು ಎರಡನೇದಲ್ವಾ?" "ಆಗ್ಲೇ ದಾಟಿಬಿಟ್ಟೆ!" ದೇವಸ್ಥಾನದಲ್ಲೂ ಅಷ್ಟು ಶ್ರದ್ಧೆಯಿಂದ ಸುತ್ತಿದವಳಲ್ಲ ನಾನು.

ಅಲ್ಲಿಂದ ಮುಂದೆ ಮ್ಯಾಪ್ ಅವಳ ಕೈಗೆ ಹೋಯಿತು. ಹಾಡೂ ಅವಳದ್ದೇ. ನನ್ನದು ಸ್ಟಿಯರಿಂಗ್ ಮಾತ್ರ.

ಎಡಿನ್‌ಬರೋ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೋಟೆ, ಹಳೇ ಬೀದಿ, ಊರ ನಡುವೆಯೇ ಆರ್ಥರ್ಸ್ ಸೀಟ್ ಅನ್ನುವ 251 ಮೀಟರ್ ಗುಡ್ಡ, ಎಲ್ಲಾ ಚೆನ್ನಾಗಿದೆ. ಗುಡ್ಡ ಹತ್ತಿ ಎರಡು ನಿಮಿಷ ಗಾಳಿಗೆ ನಿಂತು ಇಳಿದೆವು. ನಮ್ಮ ಪ್ರವಾಸ ನಿಜವಾಗಿ ಶುರುವಾದದ್ದು ಮೂರನೇ ದಿನ, ಕ್ರೀಫ್ ಅನ್ನುವ ಊರು ದಾಟಿದ ಮೇಲೆ.

ಗುಡ್ಡದ ಮೇಲೊಂದು ಕಲ್ಲಿನ ಚೂಪು ಕಂಬ ಕಂಡಿತು. ಮಗಳು ಮ್ಯಾಪ್ ನೋಡಿ, "ಅಮ್ಮ, ಬೇರ್ಡ್ಸ್ ಮಾನ್ಯುಮೆಂಟ್ ಅಂತಿದೆ. ನಮ್ಮ ಬೇರ್ಡಾ?" ಅಂದಳು.

ನಮ್ಮ ಬೇರ್ಡೇ. ಶ್ರೀರಂಗಪಟ್ಟಣದಲ್ಲಿ ಬೈಲಿ ಡಂಜನ್ ಅಂತ ತೋರಿಸುತ್ತಾರಲ್ಲ, ಕೈದಿಗಳನ್ನು ಕಟ್ಟಿಹಾಕುತ್ತಿದ್ದ ಕಲ್ಲುಗಳು ಇವೆಯಲ್ಲ, ಮನೆಗೆ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುವ ಜಾಗ. ಆ ಕರ್ನಲ್ ಬೈಲಿಯ ಜೊತೆಗೇ 1780ರಲ್ಲಿ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಸೈನ್ಯಕ್ಕೆ ಸಿಕ್ಕಿಬಿದ್ದ ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್. ಬೈಲಿ ಸೆರೆಯಲ್ಲೇ ಸತ್ತ. ಬೇರ್ಡ್ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಅದೇ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನೂ ಇವನೇ. ಟಿಪ್ಪು ಬಿದ್ದ ದಿನ ಅದು. ವಯಸ್ಸಾದ ಮೇಲೆ ಈ ಕ್ರೀಫ್ ಹತ್ತಿರವೇ ಇದ್ದು ಸತ್ತ. ಹೆಂಡತಿ ಈ ಕಂಬ ನಿಲ್ಲಿಸಿದಳು.

ಮಗಳು ಫೋನಿನಲ್ಲಿ ಹುಡುಕುತ್ತಾ ಇನ್ನೊಂದು ಕಥೆ ಓದಿದಳು. ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಒಂದೇ ಸರಪಳಿಗೆ ಬಿಗಿಯುತ್ತಿದ್ದರಂತೆ. ಆ ಸುದ್ದಿ ಊರಿಗೆ ಮುಟ್ಟಿದಾಗ ಬೇರ್ಡ್‌ನ ತಾಯಿ ಅಳಲಿಲ್ಲವಂತೆ. "ಅಯ್ಯೋ, ನಮ್ಮ ಡೇವಿ ಜೊತೆ ಸರಪಳಿಗೆ ಸಿಕ್ಕಿದ ಆ ಬಡಪಾಯಿ ಗತಿ ಏನು!" ಅಂದಳಂತೆ. ಮಗನ ಸಿಟ್ಟು ಅಂಥದ್ದು.

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಸ್ವಲ್ಪ ಹೊತ್ತಾದ ಮೇಲೆ ಮಗಳು ಮೆಲ್ಲಗೆ ಕೇಳಿದಳು, "ಅಮ್ಮ, ಈ ಕಾರಲ್ಲಿ ಡೇವಿ ಯಾರು? ನೀನಾ, ನಾನಾ?"

ಉತ್ತರ ಅವತ್ತೇ ಮಧ್ಯಾಹ್ನ ಸಿಕ್ಕಿತು. ರ‍್ಯಾನಕ್ ಮೂರ್ ಅಂತ ಒಂದು ಬಯಲು ಬರುತ್ತದೆ. ಎತ್ತ ನೋಡಿದರೂ ಕಂದು ಹುಲ್ಲು, ಜೌಗು, ಕಪ್ಪು ನೀರಿನ ಹೊಂಡ. ಮನೆ ಇಲ್ಲ, ಅಂಗಡಿ ಇಲ್ಲ. ಅಂಥ ಜಾಗ ನೋಡಿಕೊಂಡು ಅವಳು, "ನಾನು ಸೈನ್ಸ್ ತಗೊಳ್ಳಲ್ಲ" ಅಂದಳು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿರುವ ಮನೆಯವರಿಗೆ ಈ ಮಾತಿನ ತೂಕ ಗೊತ್ತು. ಪಿಸಿಎಂಬಿಗೆ ಅಂತ ಕಾಲೇಜು ಸಹ ಗುರುತು ಮಾಡಿಟ್ಟಿದ್ದೆ. ನಾನು ಶುರು ಮಾಡಿದೆ. ಅವಳೂ ಬಿಡಲಿಲ್ಲ. ಎರಡು ವರ್ಷದಿಂದ ನುಂಗಿಕೊಂಡಿದ್ದೆಲ್ಲಾ ಹೊರಗೆ ಬಂತು. ಟ್ಯೂಷನ್, ಅಕ್ಕನ ಮಗನ ಜೊತೆ ನಾನು ಮಾಡುತ್ತಿದ್ದ ಹೋಲಿಕೆ, ಒಂದು ಸಲ ಅವಳ ಡೈರಿ ಓದಿದ್ದು ಕೂಡ. (ಓದಿದ್ದೆ. ಅರ್ಧ ಪುಟ.)

ನಾನು ಎಲ್ಲರಿಗೂ ಹೇಳುವುದು ಇದನ್ನೇ. ಮನೆಯಲ್ಲಾಗಿದ್ದರೆ ಈ ಜಗಳ ಐದು ನಿಮಿಷಕ್ಕೆ ತುಂಡಾಗುತ್ತಿತ್ತು. ಅವಳು ರೂಮಿಗೆ ಹೋಗಿ ದಢಾರ್ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನನ್ನ ಕುಕ್ಕರ್ ಕೂಗುತ್ತಿತ್ತು. ಅವಳ ಅಪ್ಪ ಮಧ್ಯೆ ಬಂದು "ಹೋಗ್ಲಿ ಬಿಡಿ" ಅನ್ನುತ್ತಿದ್ದರು. ಮಾತು ಅಲ್ಲಿಗೆ ನಿಂತು, ಒಳಗೇ ಕೊಳೆಯುತ್ತಿತ್ತು. ರ‍್ಯಾನಕ್ ಮೂರ್‌ನಲ್ಲಿ ಬಾಗಿಲು ತೆಗೆದರೆ ಕೆಸರು, ಮಳೆ. ಎಲ್ಲಿಗೆ ಹೋಗುತ್ತಾಳೆ? ನಾನಾದರೂ ಎಲ್ಲಿಗೆ ಹೋಗಲಿ? ಮಾತಾಡಬೇಕು, ಇಲ್ಲ ಸುಮ್ಮನಿರಬೇಕು. ಎರಡನ್ನೂ ಮಾಡಿದೆವು. ಕಾರಿನಲ್ಲಿ ಮುಖ ನೋಡದೆ ಮಾತಾಡಬಹುದು ಅನ್ನುವುದೂ ಒಂದು ಅನುಕೂಲ. ನನ್ನ ಹುಬ್ಬು ಮೇಲೇರಿದ್ದು ಅವಳಿಗೆ ಕಾಣುವುದಿಲ್ಲ. ಅವಳ ಕಣ್ಣು ತುಂಬಿದ್ದು ನನಗೆ ಆಮೇಲೆ ಗೊತ್ತಾಯಿತು.

ಗ್ಲೆನ್‌ಕೋ ಕಣಿವೆ ಬರುವ ಹೊತ್ತಿಗೆ ಇಬ್ಬರೂ ಮೌನ. ಎರಡೂ ಕಡೆ ಕರೀ ಬೆಟ್ಟ, ಮೇಲಿಂದ ಬಿಳೀ ಗೆರೆ ಎಳೆದ ಹಾಗೆ ನೀರು. ಕಾರು ನಿಲ್ಲಿಸಿದೆ. ಮಳೆಯಲ್ಲೇ ಪುಳಿಯೋಗರೆ ತಿಂದೆವು, ಹಿಂದಿನ ಊರಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಡಬ್ಬಿಗೆ ಹಾಕಿಕೊಂಡಿದ್ದ ಅನ್ನಕ್ಕೆ ಅತ್ತೆಯ ಗೊಜ್ಜು. ಅವಳು ಫೋನ್ ನೋಡುತ್ತಾ, ನನಗೆ ಹೇಳುತ್ತಿಲ್ಲವೇನೋ ಅನ್ನುವ ಹಾಗೆ ಹೇಳತೊಡಗಿದಳು. 1692ರ ಫೆಬ್ರುವರಿ. ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದ ಮುಖಂಡ ರಾಜ ವಿಲಿಯಮ್‌ಗೆ ನಿಷ್ಠೆಯ ಪ್ರಮಾಣ ಮಾಡುವುದು ಕೆಲವು ದಿನ ತಡವಾಯಿತು. ಸೈನಿಕರು ಬಂದರು. ಇವರ ಮನೆಗಳಲ್ಲೇ ಅತಿಥಿಗಳಾಗಿ ಉಳಿದು, ಸುಮಾರು ಹನ್ನೆರಡು ದಿನ ಊಟ ಮಾಡಿ, 13ನೇ ತಾರೀಕು ಬೆಳಗಿನ ಜಾವ ಎದ್ದು ಕೊಂದರು. ಸುಮಾರು 38 ಜನ ಸತ್ತರು. ಓಡಿಹೋದವರಲ್ಲಿ ಇನ್ನಷ್ಟು ಜನ ಹಿಮದಲ್ಲಿ ಸತ್ತರು.

"ಉಂಡ ಮನೆಗೆ ಎರಡು ಬಗೆಯೋದು ಅಂತಾರಲ್ಲ, ಇದೇ" ಅಂದೆ.

"ಅದಕ್ಕೆ ಇಲ್ಲಿ ಕಾನೂನಲ್ಲೇ ಬೇರೆ ಹೆಸರಿತ್ತಂತೆ ಅಮ್ಮ. ನಂಬಿಸಿ ಕೊಂದ್ರೆ ಮಾಮೂಲಿ ಕೊಲೆಗಿಂತ ದೊಡ್ಡ ಅಪರಾಧ." ಇಸವಿ, ಕಾರಣ, ಯಾರು ಆರ್ಡರ್ ಕೊಟ್ಟರು, ಯಾರು ಜಾರಿಕೊಂಡರು, ಎಲ್ಲಾ ಹೇಳಿದಳು. ಪೀರಿಯಾಡಿಕ್ ಟೇಬಲ್ ಹೇಳುವಾಗ ಈ ದನಿ ನಾನು ಕೇಳಿರಲಿಲ್ಲ. ಕೇಳಿಸಿತು, ಆದರೆ ಒಪ್ಪಿಕೊಳ್ಳಲಿಲ್ಲ. ಡೇವಿ ನಾನೇ ಅಂತ ಅವತ್ತು ಗೊತ್ತಾಯಿತು.

ಅಲ್ಲಿಂದ ಸ್ಕೈ ದ್ವೀಪಕ್ಕೆ ಹೋದೆವು. ಅದಕ್ಕೆ 1995ರಲ್ಲಿ ಸೇತುವೆ ಆಯಿತು. ಮೊದಲು ಸೇತುವೆಗೆ ಟೋಲ್ ಇತ್ತು. ಜನ ವರ್ಷಗಟ್ಟಲೆ ಗಲಾಟೆ ಮಾಡಿ 2004ರಲ್ಲಿ ಟೋಲನ್ನೇ ತೆಗೆಸಿಬಿಟ್ಟರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವ ನನಗೆ ಹೊಟ್ಟೆ ಉರಿಯಿತು.

ಎರಡನೇ ಜಗಳ ಆ ದ್ವೀಪದಲ್ಲಿ. ಅಲ್ಲಿ ಬಹಳ ಕಡೆ ರಸ್ತೆ ಒಂದೇ ಕಾರಿನಷ್ಟು ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟು 'ಪಾಸಿಂಗ್ ಪ್ಲೇಸ್' ಅಂತ ಬೋರ್ಡ್ ಹಾಕಿರುತ್ತಾರೆ. ಎದುರಿಗೆ ಗಾಡಿ ಬಂದರೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲಬೇಕು, ಬೇಕಾದರೆ ರಿವರ್ಸ್ ಹೋಗಬೇಕು. ದಾಟುವಾಗ ಇಬ್ಬರೂ ಕೈ ಎತ್ತಬೇಕು. ಎಷ್ಟು ಜನ ಕೈ ಎತ್ತಿದರು ಅಂತ ಮಗಳು ಎಣಿಸುತ್ತಿದ್ದಳು, ನೂರು ದಾಟಿದ ಮೇಲೆ ಬಿಟ್ಟಳು. ನಮ್ಮ ಊರಿನಲ್ಲಿ ರಸ್ತೆಯಲ್ಲಿ ಕೈ ಎತ್ತಿದರೆ ಅರ್ಥವೇ ಬೇರೆ.

ಒಂದು ತಿರುವಿನಲ್ಲಿ "ಅಮ್ಮ, ನಿಲ್ಸು, ವ್ಯಾನ್ ಬರ್ತಿದೆ" ಅಂದಳು. "ನಂಗೆ ಕಾಣತ್ತೆ, ಸುಮ್ನಿರೆ" ಅಂದೆ. ಕಾಣುತ್ತಿರಲಿಲ್ಲ. ಗಾಬರಿಯಲ್ಲಿ ಎಡಕ್ಕೆ ಎಳೆದೆ, ಕನ್ನಡಿ ಬೋರ್ಡಿನ ಕಂಬಕ್ಕೆ ತಗುಲಿ ಮಡಚಿಕೊಂಡಿತು. ಗೀರು ಬಿತ್ತು, ಡೆಪಾಸಿಟ್‌ನಲ್ಲಿ ಒಂದಿಷ್ಟು ದುಡ್ಡು ಹೋಯಿತು. ವ್ಯಾನಿನವನು ದಾಟುವಾಗ ಆಗಲೂ ಕೈ ಎತ್ತಿದ, ಪುಣ್ಯಾತ್ಮ. ಮಗಳ ಮೇಲೆ ಕೂಗಾಡಿದೆ, ತಪ್ಪು ನನ್ನದಾದಾಗ ಎಲ್ಲರೂ ಮಾಡುವ ಹಾಗೆ. ಅವಳು ಕಿಟಕಿ ಕಡೆ ತಿರುಗಿದಳು. ಹತ್ತು ಮೈಲಿ ಆದಮೇಲೆ, "ಇನ್ಮೇಲೆ ನೀನು ನಿಲ್ಸು ಅಂದ್ರೆ ನಿಲ್ಲಿಸ್ತೀನಿ" ಅಂದೆ. "ಸಾರಿ ಅನ್ನಕ್ಕೆ ಏನ್ ಕಷ್ಟ?" ಅಂದಳು. ಅಂದೆ. ಅವಳಿಗೆ ನಾನು ಹೇಳಿದ ಮೊದಲನೇ ಸಾರಿ ಅದೇ ಇರಬೇಕು. ಡೈರಿಗೂ ಸೇರಿಸಿ ಲೆಕ್ಕ ಇಟ್ಟುಕೋ ಅಂದೆ.

ನೀರಿನಲ್ಲಿ ದೈತ್ಯ ಪ್ರಾಣಿ ಇದೆ ಅಂತ ಹೆಸರಾದ ಲಾಕ್ ನೆಸ್ ಸರೋವರ ನೋಡಿದೆವು. 230 ಮೀಟರ್ ಆಳ, ಕಪ್ಪು ನೀರು, ಪ್ರಾಣಿ ಇಲ್ಲ. ಆ ಪ್ರಾಣಿಯದ್ದು ಅಂತ ಬಂದ 1934ರ ಹೆಸರುವಾಸಿ ಫೋಟೋ, ಆಟಿಕೆ ಸಬ್‌ಮರೀನಿಗೆ ತಲೆ ಅಂಟಿಸಿ ತೆಗೆದದ್ದು.

ಇಂಗ್ಲೆಂಡಿನ ಗಡಿಯಲ್ಲಿ ಗ್ರೆಟ್ನಾ ಗ್ರೀನ್ ಅಂತ ಒಂದು ಊರು. ಹೆತ್ತವರು ಮಕ್ಕಳ ಜೊತೆ ಹೋಗಬಾರದ ಜಾಗ. 1754ರಿಂದ ಇಂಗ್ಲೆಂಡಿನಲ್ಲಿ 21 ತುಂಬದವರ ಮದುವೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಕಾನೂನು ಬಂತು. ಸ್ಕಾಟ್ಲೆಂಡಿನಲ್ಲಿ ಬೇಕಿರಲಿಲ್ಲ. ಪ್ರೇಮಿಗಳು ಗಾಡಿ ಕಟ್ಟಿಕೊಂಡು ಗಡಿ ದಾಟಿ ಓಡಿ ಬರುವುದು, ಇಲ್ಲಿ ಕಮ್ಮಾರ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿದು "ಮದುವೆ ಆಯ್ತು" ಅನ್ನುವುದು. ಎಷ್ಟೋ ಸಲ ಹಿಂದೆಯೇ ಅಪ್ಪ ಬೆನ್ನಟ್ಟಿ ಬರುತ್ತಿದ್ದ. ಕಮ್ಮಾರನ ಮದುವೆ 1940ರಲ್ಲಿ ನಿಂತಿತು. ಆದರೆ ಸ್ಕಾಟ್ಲೆಂಡಿನಲ್ಲಿ ನಾವು ಹೋದಾಗಲೂ ಒಪ್ಪಿಗೆ ಇಲ್ಲದೆ ಮದುವೆಯಾಗುವ ವಯಸ್ಸು 16.

"ನಂಗೆ ಹೋದ ತಿಂಗಳು ಹದಿನಾರು ತುಂಬಿತು, ಗೊತ್ತಲ್ವಾ ಅಮ್ಮ?" ಅಂದಳು.

"ಕಾರ್ ಹತ್ತೇ" ಅಂದೆ.

ಹೇಡ್ರಿಯನ್ ಗೋಡೆಯಲ್ಲಿ ಅವಳಿಗೆ ನೋಡಬೇಕಿದ್ದದ್ದು ಕ್ರಿ.ಶ. 122ರಲ್ಲಿ ರೋಮನ್ನರು ಶುರು ಮಾಡಿದ 117 ಕಿಲೋಮೀಟರ್ ಗೋಡೆ ಅಲ್ಲ, ಒಂದು ಕೊರಡು. ಎರಡು ದಿಣ್ಣೆಗಳ ನಡುವೆ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಸುಮ್ಮನೆ ಕುಯ್ದು ಹಾಕಿದ್ದರು. ಆಮೇಲೆ ಜೈಲಿಗೂ ಹೋದರು. ಮರುವರ್ಷ ಬುಡದಿಂದ ಚಿಗುರು ಬಂತು. ಇಲ್ಲದ ಮರ ನೋಡಲು ಗಾಳಿಯಲ್ಲಿ ನಡೆಸಿಕೊಂಡು ಹೋದಳು. ನಾನು ಗೊಣಗುತ್ತಾ ಹೋದೆ, ಅವಳಿಗಿಂತ ಜಾಸ್ತಿ ಹೊತ್ತು ನಿಂತೆ.

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಡ್ಯಾಫೊಡಿಲ್ ಇತ್ತು, ಕುರಿಮರಿ ಇತ್ತು, ಪಾರ್ಕಿಂಗ್ ಇರಲಿಲ್ಲ. ಆಮೇಲೆ ಎಂ6 ಹೆದ್ದಾರಿ, ಲಾರಿ, ಮಳೆ. ಹೀಥ್ರೂ ಹತ್ತಿರ ಕಾರು ಕೊಟ್ಟು ರೈಲು ಹತ್ತಿದೆವು. ಎದುರು ಬದುರು ಸೀಟು. ವಿಚಿತ್ರ ಅಂದರೆ ಇಬ್ಬರಿಗೂ ಮಾತೇ ಹೊರಡಲಿಲ್ಲ.

ಲಂಡನ್ನಿನಲ್ಲಿ ಇದ್ದ ಅರ್ಧ ದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದೆವು. ಟಿಕೆಟ್ ಇಲ್ಲ, ಉಚಿತ. ಟಿಪ್ಪುವಿನ ಹುಲಿ ಅಲ್ಲಿದೆ. ಬಿಳೀ ಸೈನಿಕನ ಮೇಲೆ ಬಿದ್ದಿರುವ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟಿ ಸೈನಿಕ ಕೂಗುವ ಹಾಗೆ ಮಾಡಿದ್ದಾರೆ. ಬೇರ್ಡ್ ನುಗ್ಗಿದ ಆ ದಿನದ ನಂತರ ಅರಮನೆಯಲ್ಲಿ ಸಿಕ್ಕಿದ ಲೂಟಿ. ಫೋಟೋದಲ್ಲಿ ನೋಡಿ ಬೊಂಬೆ ಅಂದುಕೊಂಡಿದ್ದೆ. ಎದುರಿಗೆ ನೋಡಿದರೆ ಹತ್ತಿರ ಹತ್ತಿರ ನಿಜವಾದ ಹುಲಿಯಷ್ಟು ದೊಡ್ಡದು.

ಮಗಳು ಗಾಜಿನ ಸುತ್ತ ಮೂರು ಸುತ್ತು ಬಂದಳು. "ಅಲ್ಲಿ ಕಂಬ, ಇಲ್ಲಿ ಹುಲಿ, ನಮ್ಮೂರಲ್ಲಿ ಬರೀ ಗೋಡೆ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಸರಿ, ಸೈನ್ಸ್ ಬೇಡ" ಅಂತ ಬಾಯಿಂದ ಬಂತು.

ಪೂರ್ತಿ ಸೋತೆ ಅಂತಲ್ಲ. ಅವಳು ಕೇಳಿದ್ದು ಎಚ್‌ಇಪಿಎಸ್ ಅನ್ನುವ ಆರ್ಟ್ಸ್, ಕೊನೆಗೆ ಸೇರಿದ್ದು ಎಚ್‌ಇಬಿಎ ಅನ್ನುವ ಕಾಮರ್ಸ್. ಅವಳ ಇತಿಹಾಸವೂ ಇದೆ, ನನ್ನ ಸಮಾಧಾನಕ್ಕೆ ಅಕೌಂಟೆನ್ಸಿಯೂ ಇದೆ. ಅಕೌಂಟೆನ್ಸಿಯಲ್ಲಿ ಮಾರ್ಕ್ಸ್ ಎಷ್ಟು ಅಂತ ಕೇಳಬೇಡಿ.

ಈ ಪ್ರಶ್ನೆಯನ್ನು ಎಲ್ಲರೂ ನನಗೇ ಕೇಳುತ್ತಾರೆ, ಅವಳಿಗೆ ಯಾರೂ ಕೇಳುವುದಿಲ್ಲ. ಹೋದ ವಾರ ಮಾತ್ರ ಪಕ್ಕದ ಮನೆಯವರು ಹೂವು ಕೊಡಲು ಬಂದಾಗ ಅವಳನ್ನೇ ಹಿಡಿದರು. "ಅಮ್ಮನ ಜೊತೆ ಅಷ್ಟು ದಿನ ಹೇಗಿದ್ದೆ ಪುಟ್ಟಿ?"

"ಮೊದಲು ಸ್ವಲ್ಪ ಕಷ್ಟ ಆಯ್ತು ಆಂಟಿ" ಅಂದಳು. "ಆಮೇಲಾಮೇಲೆ ದಾರಿಗೆ ಬಂದ್ರು."